ದಿನಕ್ಕೆ ಐದು ನಿಮಿಷ

ಕೀಲಿ ತಿರುಗಿಸಿದೆ. ಟಕ್. ಅಷ್ಟೇ.

ಇನ್ನೊಮ್ಮೆ ತಿರುಗಿಸಿದೆ. ಈ ಸಲ ಟಕ್ ಕೂಡ ಇಲ್ಲ. ಮುಂದಿನ ದೀಪಗಳೆಲ್ಲ ಒಮ್ಮೆ ಮಿಣುಕಿ ನಂದಿಹೋದವು. ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ, ಹೊರಗೆ ಸೊನ್ನೆಗಿಂತ ಮೂವತ್ತೇಳು ಡಿಗ್ರಿ ಕೆಳಗೆ. ನನಗೆ ಮಾತ್ರ ಅಂಗೈಯಲ್ಲಿ ಬೆವರು.

ಹನ್ನೆರಡಕ್ಕೆ ಓರೆಸ್ಟ್ ಫೋನ್ ಮಾಡುತ್ತಾರೆ. ಈ ಟ್ರಕ್ಕಿನ ಸದ್ದು ಕೇಳಿಸು ಎನ್ನುತ್ತಾರೆ. ಇನ್ನು ಮೂರೇ ಗಂಟೆ.

ಓರೆಸ್ಟ್ ನಮ್ಮ ಪಕ್ಕದ ಮನೆಯವರು. ಜೀವಮಾನವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡಿ ನಿವೃತ್ತರಾದವರು. ನಮ್ಮ ಬೀದಿಯಲ್ಲಿ ವಯಸ್ಸಾದ ಗಂಡಸರೆಲ್ಲ ವುಯ್ಕೊ ಅಂದರೆ ಮಾವ, ಹೆಂಗಸರೆಲ್ಲ ತೇತಾ ಅಂದರೆ ಅತ್ತೆ, ಹಾಗಾಗಿ ನನಗೆ ಅವರು ವುಯ್ಕೊ ಓರೆಸ್ಟ್. ಅಕ್ಟೋಬರ್ ಕೊನೆಗೆ ಹೆಂಡತಿಯ ಜೊತೆ ವಿಮಾನ ಹತ್ತಿ ಬಿಸಿಲಿನ ಅರಿಜೋನಾಕ್ಕೆ ಹೋದರೆ ವಾಪಸಾಗುವುದು ಏಪ್ರಿಲ್‌ನಲ್ಲೇ. ಈ ಸಲ ಹೋಗುವ ಮುಂಚೆ ನನ್ನನ್ನು ಕರೆದು ಮನೆಯದು, ಟ್ರಕ್ಕಿನದು ಎರಡೂ ಕೀಲಿ ಕೊಟ್ಟರು.

"ಲೇಸ್ಯಾ, ದಿನಾ ಸಂಜೆ ಐದು ನಿಮಿಷ ಸ್ಟಾರ್ಟ್ ಮಾಡಿಡು. ರಸ್ತೆಗಿಳಿಸ್ಬೇಡ, ಹಿಮ ಕರಗ್ಲಿ ಅಂತ ಸುರಿದಿರೋ ಉಪ್ಪು ತಿಂದು ತಗಡು ತೂತಾಗತ್ತೆ. ನಿನ್ನ ಕೋರ್ಸ್ ಯಾವಾಗ?"

"ಫೆಬ್ರವರಿ ಹದಿನಾರು, ಸೋಮವಾರ."

"ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡ್ತೀನಿ. ಒಂದೇ ಏಟಿಗೆ ಸ್ಟಾರ್ಟ್ ಆಗಿದ್ದು ನನ್ನ ಕಿವಿಗೆ ಬಿದ್ರೆ, ಕೋರ್ಸ್ ಮುಗಿಯೋವರೆಗೂ ಟ್ರಕ್ ನಿನ್ನ ಹತ್ರಾನೇ ಇರ್ಲಿ. ಇಲ್ಲಾಂದ್ರೆ ಇಲ್ಲ. ಒಂದು ಟ್ರಕ್ ನೋಡ್ಕೊಳಕ್ಕಾಗ್ದೋಳು ಸಿಟಿ ಬಸ್ಸೆಲ್ಲ ಏನು ನೋಡ್ಕೋತಾಳೆ?"

ಕೋರ್ಸ್ ಎಂದರೆ ಬಸ್ಸು ರಿಪೇರಿಯ ಕೋರ್ಸ್. ನಾನು ಹನ್ನೊಂದನೇ ವಯಸ್ಸಿನಿಂದ ಕಣ್ಣಿಟ್ಟಿದ್ದು! ನಗರದ ಕಾಲೇಜು ತೊಂಬತ್ತು ಕಿಲೋಮೀಟರ್ ದೂರ. ನಮ್ಮೂರಿಗೆ ಬಸ್ಸಿಲ್ಲ. ಅಲ್ಲೇ ಉಳಿಯೋಣವೆಂದರೆ ಸಂಜೆಯ ಬೇಕರಿ ಕೆಲಸ ಇಲ್ಲಿ. ಮೊದಲ ದಿನ ಎಂಟು ಗಂಟೆಗೆ ಹಾಜರಿರದಿದ್ದರೆ ಸೀಟು ಮುಂದಿನವರಿಗೆ ಎಂದು ಪತ್ರದಲ್ಲೇ ಬರೆದಿದ್ದರು. ನನ್ನ ಹಿಂದೆ ಹದಿನಾರು ಜನ ಕಾದು ಕೂತಿದ್ದರು.

ನಾನೇನು ಕಡಿಮೆ ಮಾಡಿದ್ದೆ? ಮೊನ್ನೆಯವರೆಗೂ ಒಂದು ಸಂಜೆಯೂ ಬಿಡದೆ ಐದು ನಿಮಿಷ. ಗಡಿಯಾರ ನೋಡಿಕೊಂಡು. ಸಾಕ್ಷಿಗಿರಲಿ ಎಂದು ಪ್ರತಿ ಸಲವೂ ವಿಡಿಯೋ ಮಾಡಿದ್ದೆ. ಟ್ರಕ್ಕಿನ ಮೂತಿಯಿಂದ ನೇತಾಡುವ ಎಂಜಿನ್ ಹೀಟರಿನ ವಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಯೇ ಇಟ್ಟಿದ್ದೆ. ಚಳಿಗಾಲದಲ್ಲಿ ನಮ್ಮೂರಲ್ಲಿ ಹಾಗೆ ವಯರು ಸಿಕ್ಕಿಸದ ಗಾಡಿಯೇ ಇಲ್ಲ.

ತಪ್ಪಿದ್ದು ಒಂದೇ ದಿನ, ನಿನ್ನೆ. ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಹಿ ಮಾಡುವ ಸರದಿ ನನ್ನದು. ಆಲೂಗಡ್ಡೆ ತುಂಬಿ, ಅಂಚು ಒತ್ತಿ, ಸಾವಿರದ ಇನ್ನೂರು ಕಡುಬು ಮುಗಿಸಿ ಮನೆಗೆ ಬರುವಷ್ಟರಲ್ಲಿ ಬೆರಳು ಮಡಚಲೂ ಆಗುತ್ತಿರಲಿಲ್ಲ. ಹಾಗೇ ಮಲಗಿಬಿಟ್ಟೆ. ಶುಕ್ರವಾರ ಸಂಜೆ ಟ್ರಕ್ಕು ಮೂರನೇ ಸಲಕ್ಕೆ, ಆಕಳಿಸುತ್ತ, ಎದ್ದಿತ್ತು. ಆಮೇಲೆ ಆ ರಾತ್ರಿಯೇ ಈ ಹಾಳು ಚಳಿ ಬಂದು ಕೂತಿತು.

ಒಂದೇ ಒಂದು ದಿನ! ಸ್ಟೀರಿಂಗಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಚ್ಚಿಕೊಂಡೆ ಕೂಡ. ಹಾರ್ನ್ ಕೂಡ ಕೂಗಲಿಲ್ಲ.

ಚಿಕ್ಕಪ್ಪನ ಮಗ ಬೋರಿಸ್‌ಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಅವನ ಕಾರು ಬಂದು ಟ್ರಕ್ಕಿಗೆ ಮುಖಾಮುಖಿ ನಿಂತಿತು. ಅವನಿಗೆ ಮಧ್ಯಾಹ್ನ ಗಣಿಯಲ್ಲಿ ಪಾಳಿ, ಅದೂ ನಗರಕ್ಕೆ ಉಲ್ಟಾ ದಿಕ್ಕಿನಲ್ಲಿ.

"ಏನ್ ಡಾಕ್ಟ್ರಮ್ಮಾ, ಪೇಷಂಟ್ ಹೋಗ್ಬಿಟ್ನಾ?" ಎನ್ನುತ್ತ ಕೆಂಪು ಕಪ್ಪು ತಂತಿಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದ.

"ಬಾಯ್ಮುಚ್ಕೊಂಡು ತಂತಿ ಹಾಕು."

"ಬಸ್ ರಿಪೇರಿ ಮಾಡ್ತಾಳಂತೆ ಬಸ್ಸು! ಜನ ಇಳ್ದು ತಳ್ಬೇಕಾಗತ್ತೆ ಅಷ್ಟೇ."

ಬಾನೆಟ್ ಎತ್ತಿದೆವು. ಬೋರಿಸ್ ಒಂದು ಹಿಡಿಕೆಯನ್ನು ತನ್ನ ಬ್ಯಾಟರಿಗೆ ಕಚ್ಚಿಸಿ ಇನ್ನೊಂದು ತುದಿಯನ್ನು ಟ್ರಕ್ಕಿನ ಕಡೆ ತಂದಿದ್ದನಷ್ಟೇ.

"ಕೆಳಗಿಡೋ ಅದನ್ನ! ಕೆಳಗಿಡು ಅಂದೆ, ಕತ್ತೆ!"

ಎದುರು ಮನೆಯಿಂದ ತೇತಾ ಪರಾಸ್ಕಾ ಓಡಿ ಬರುತ್ತಿದ್ದರು. ತೀರಿಹೋದ ಗಂಡನ ಕೋಟು, ಕೆಳಗೆ ರಾತ್ರಿಯುಡುಗೆ, ಕಾಲಿಗೆ ಉಣ್ಣೆಯ ಬೂಟು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವರು. ಅವರ ಒಂದು ಗದರಿಕೆಗೆ ಐವತ್ತು ಮಕ್ಕಳು ಗಪ್‌ಚಿಪ್ ಆಗುತ್ತಿದ್ದರು. ಆ ಐವತ್ತರಲ್ಲಿ ಬೋರಿಸನೂ ಇದ್ದ. ತಂತಿ ಹಿಡಿದ ಅವನ ಕೈ ಇದ್ದಲ್ಲೇ ನಿಂತಿತು.

ತೇತಾ ಕೈಗವಸು ತೆಗೆದು ಬ್ಯಾಟರಿಯ ಪಕ್ಕ ಸವರಿದರು. "ನೋಡಿಲ್ಲಿ. ಹೊಟ್ಟೆ ಉಬ್ಬಿದೆ. ಒಳಗೆ ಮಂಜುಗಡ್ಡೆ ಕಟ್ಟಿದೆ. ಇದಕ್ಕೆ ಈಗ ಕರೆಂಟ್ ಕೊಟ್ರೆ ಸಿಡಿಯತ್ತೆ. ಬಸ್ ಡಿಪೋದಲ್ಲಿ ಕಣ್ಣಾರೆ ನೋಡಿದೀನಿ. ಆ್ಯಸಿಡ್ಡು ಸೂರಿಗೆ ಹಾರಿತ್ತು."

ಬೋರಿಸ್ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕಡೆಯ ಹಿಡಿಕೆಯನ್ನೂ ಕಿತ್ತ. "ಅಲ್ಲ ತೇತಾ, ಚಳಿಗಾಲ ಪೂರ್ತಿ ವಯರ್ ಸಿಕ್ಸೇ ಇತ್ತಲ್ಲ?"

"ಅದು ಎಂಜಿನ್‌ಗೆ ಕಂಬ್ಳಿ ಕಣೋ, ಬ್ಯಾಟ್ರಿಗೆ ಊಟ ಅಲ್ಲ."

"ನನ್ದೇ ತಪ್ಪು," ಎಂದೆ. "ನಿನ್ನೆ ಒಂದು ದಿನ ಸ್ಟಾರ್ಟ್ ಮಾಡ್ಲಿಲ್ಲ. ಮಿಕ್ಕಿದ್ದೆಲ್ಲ ದಿನಾನೂ ಮಾಡಿದೀನಿ ತೇತಾ, ದೇವ್ರಾಣೆ. ನೂರಾ ಹತ್ತು ದಿನ, ದಿನಕ್ಕೆ ಐದು ನಿಮಿಷ."

ತೇತಾ ನನ್ನ ಮುಖವನ್ನೇ ನೋಡಿದರು. "ಐದೇ ನಿಮಿಷ? ಓಡಿಸ್ದೆ?"

"ವುಯ್ಕೊ ಓಡಿಸ್ಬೇಡ ಅಂದಿದ್ರು."

"ಕೂತಾಗ ಏನೇನ್ ಹಾಕ್ಕೊಂಡಿದ್ದೆ?"

"ದೀಪ. ಬಿಸಿಗಾಳಿ ಫ್ಯಾನು. ಹಿಂದಿನ ಗಾಜಿನ ಹೀಟರ್ರು. ರೇಡಿಯೋ. ಸೀಟ್ ಬಿಸಿ ಮಾಡೋದು."

"ಅಯ್ಯೋ ನನ್ನ ತಾಯಿ!" ತೇತಾ ಹಣೆಗೆ ಕೈ ಹಚ್ಚಿದರು. "ಈ ಚಳೀಲಿ ಒಂದು ಸಲ ಸ್ಟಾರ್ಟ್ ಮಾಡೋದು ಅಂದ್ರೆ ಬಾವಿಯಿಂದ ಒಂದು ಕೊಡ ನೀರು ಸೇದ್ದಂಗೆ. ಐದು ನಿಮಿಷದಲ್ಲಿ ವಾಪಸ್ ಬೀಳೋದು ಒಂದು ಲೋಟ. ಅದ್ರಲ್ಲೂ ಅರ್ಧ ನಿನ್ನ ಅಂಡು ಬೆಚ್ಚಗಾಗಕ್ಕೆ ಹೋಯ್ತು. ನಿನ್ನೆ ಬಿಟ್ಟಿದ್ದಕ್ಕೆ ಸತ್ತಿದ್ದಲ್ಲ ಇದು. ಮಿಕ್ಕ ನೂರಾ ಹತ್ತು ದಿನ ಮಾಡಿದ್ಯಲ್ಲ, ಅದಕ್ಕೆ ಸತ್ತಿದ್ದು!"

ಬೋರಿಸ್‌ಗೆ ನಗು ತಡೆಯಲಾಗಲಿಲ್ಲ. ನನಗೆ ಅವನನ್ನು ಹಿಮದಲ್ಲಿ ಹೂತುಬಿಡಬೇಕು ಅನ್ನಿಸಿತು.

ಹತ್ತೂ ಕಾಲು. ಊರಲ್ಲಿರುವುದು ಒಂದೇ ಬಿಡಿಭಾಗದ ಅಂಗಡಿ, ಭಾನುವಾರ ರಜೆ. ಅದರ ಮಾಲೀಕರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೇ ಓಡಿದೆ, ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯಲು ಹೋಗಿದ್ದಾರೆ ಎಂದಳು ಮಗಳು. ಪೆಟ್ರೋಲ್ ಬಂಕಿಗೆ ಓಡಿದೆ, ಅವರ ಹತ್ತಿರ ಇದ್ದದ್ದು ಗಾಜು ಒರೆಸುವ ನೀರು ಮಾತ್ರ. ವಾಪಸು ಓಡಿ ಬರುವಷ್ಟರಲ್ಲಿ ರೆಪ್ಪೆಗಳ ಮೇಲೆ ಹಿಮ ಕಟ್ಟಿ ಕಣ್ಣು ಅಂಟಿಕೊಳ್ಳುತ್ತಿದ್ದವು. ಹನ್ನೆರಡಕ್ಕೆ ಇಪ್ಪತ್ತು ನಿಮಿಷ.

ಅಷ್ಟರಲ್ಲಿ ತೇತಾ ಸತ್ತ ಬ್ಯಾಟರಿಯನ್ನು ಬಿಚ್ಚಿಸಿ ಬೋರಿಸ್ ಕೈಯಲ್ಲಿ ಓರೆಸ್ಟರ ನೆಲಮಾಳಿಗೆಗೆ ಹೊರಿಸಿದ್ದರು. ಹತ್ತೇ ನಿಮಿಷದಲ್ಲಿ ಬಟ್ಟೆ ಬದಲಿಸಿ ಬಂದು ಓರೆಸ್ಟರ ಅಡುಗೆಮನೆಯಲ್ಲೇ ಚಹಾಕ್ಕಿಟ್ಟಿದ್ದರು. ನಾನು ಕೂರಲಿಲ್ಲ. ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಕಿಟಕಿಗೆ ಹೋದೆ.

"ಕೂತ್ಕೊಳೇ. ನೆಲ ಸವೀತಿದೆ," ಎಂದರು ತೇತಾ.

ಬೋರಿಸ್ ನನ್ನನ್ನು ಮೂಲೆಗೆ ಎಳೆದ. "ನಿನ್ನ ಹತ್ರ ನೂರು ವಿಡಿಯೋ ಇದ್ಯಲ್ಲ? ಒಂದು ನಂಗ್ ಕಳ್ಸು. ಆವಯ್ಯ ಫೋನ್ ಮಾಡಿದಾಗ ಪಕ್ಕದಲ್ಲಿ ನಾನು ಹಾಕ್ತೀನಿ. ಮುಖ ತೋರ್ಸೋ ಫೋನಲ್ಲ, ಬರೀ ಸದ್ದು. ನಾಳೆದು ನಾಳೆ ನೋಡ್ಕೊಳೋಣ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಜನವರಿ ಮೂರರದನ್ನು ಕಳಿಸಿದೆ. ಅವತ್ತು ಬಹಳ ಚೆನ್ನಾಗಿ ಎದ್ದಿತ್ತು.

ಸರಿಯಾಗಿ ಹನ್ನೆರಡಕ್ಕೆ ಫೋನ್ ಬಂತು. ಬೋರಿಸ್ ಜೊತೆ ಟ್ರಕ್ಕಿನ ಹತ್ತಿರ ಓಡಿದೆ. ಬಾಗಿಲು ತೆಗೆದ ಸದ್ದಾದರೂ ನಿಜವಾಗಿರಲಿ ಎಂದು ಬಾಗಿಲು ತೆಗೆದೆ.

"ಲೇಸ್ಯಾ! ಬದುಕಿದ್ಯಾ? ಅಲ್ಲಿ ಮೂವತ್ತೇಳಂತೆ? ಇಲ್ಲಿ ನನ್ ಹೆಂಡ್ತಿ ಈಜಕ್ಕೆ ಹೋಗಿದಾಳೆ. ಹೂಂ, ಕೇಳ್ಸು ನೋಡೋಣ."

ಬೋರಿಸ್ ಗುಂಡಿ ಒತ್ತಿದ. ಕರ್ರ್, ಗುರ್ರ್, ಆಮೇಲೆ ಹದವಾದ ಗುಡುಗುಡು. ನನ್ನ ಫೋನನ್ನು ಅದರ ಹತ್ತಿರ ಹಿಡಿದೆ. ಓರೆಸ್ಟ್‌ಗೆ ಅನುಮಾನ ಬಂದರೆ?

"ಆಹಾ," ಎಂದರು. ದನಿ ಮೆತ್ತಗಾಗಿತ್ತು. "ಇನ್ನೂ ಸ್ವಲ್ಪ ಹೊತ್ತು ಹಂಗೇ ಇಡಮ್ಮ. ಇಲ್ಲಿ ಎಲ್ಲಾ ಸೌಖ್ಯ ಇದೆ, ಊರಿನ್ ಸದ್ದೊಂದು ಇಲ್ಲ ನೋಡು."

ನನಗೆ ತಡೆಯಲಾಗಲಿಲ್ಲ. "ವುಯ್ಕೊ, ಅದು ಜನವರಿದು."

"ಏನು?"

"ವಿಡಿಯೋ. ಜನವರೀದು. ಟ್ರಕ್ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟ್ರಿ ಹೆಪ್ಪುಗಟ್ಟಿದೆ. ನಾನೇ ಹಾಳ್ ಮಾಡಿದ್ದು."

ಬೋರಿಸ್ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಫೋನಿನಲ್ಲಿ ಜನವರಿಯ ಎಂಜಿನ್ ಇನ್ನೂ ಗುಡುಗುಡು ಎನ್ನುತ್ತಲೇ ಇತ್ತು.

"ಅದನ್ನ ನಿಲ್ಸು ಮೊದ್ಲು," ಎಂದರು ಓರೆಸ್ಟ್. ಆಮೇಲೆ ತಣ್ಣಗೆ, "ಮಾತು ಅಂದ್ರೆ ಮಾತು, ಲೇಸ್ಯಾ. ಸ್ಟಾರ್ಟ್ ಆಗ್ಲಿಲ್ಲ. ಟ್ರಕ್ ಇಲ್ಲ."

ಹಿಂದಿನಿಂದ ಒಂದು ಕೈ ಬಂದು ನನ್ನ ಫೋನ್ ಕಿತ್ತುಕೊಂಡಿತು. "ಓರೆಸ್ಟ್! ನಾನು ಪರಾಸ್ಕಾ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡು, ಓಡಿಸ್ಬೇಡ ಅಂತ ಈ ಹುಡ್ಗಿಗೆ ಹೇಳಿದ್ದು ಯಾರು?"

"...ನಾನೇ. ಯಾಕೆ?"

"ಯಾಕಂತೆ! ನಲ್ವತ್ತು ವರ್ಷ ಮೆಕ್ಯಾನಿಕ್ಕು ಅಂತೆ! ನಿನ್ನ ಬ್ಯಾಟ್ರಿನ ನೀನೇ ಕೊಂದಿದೀಯ, ಇವಳ ಕೈಲಿ ಚಾಕು ಕೊಟ್ಟು. ನಿಮ್ಮಪ್ಪ ಏನ್ ಮಾಡ್ತಿದ್ದ ಮರೆತೋಯ್ತಾ?"

"ಮೊದ್ಲ ಹಿಮ ಬೀಳ್ತಿದ್ದಂಗೆ ಬ್ಯಾಟ್ರಿ ಬಿಚ್ಚಿ ನೆಲಮಾಳಿಗೆಲಿ ಆಲೂಗಡ್ಡೆ ಪಕ್ಕ ಇಡ್ತಿದ್ದ. ತಿಂಗ್ಳಿಗೊಂದು ಸಲ ಚಾರ್ಜ್ ಹಾಕ್ತಿದ್ದ."

"ಮತ್ತೆ ನೀನ್ಯಾಕೆ ಬಿಚ್ಲಿಲ್ಲ?"

"ಸೊಂಟ ಕಣೇ. ಎತ್ತಕ್ಕಾಗಲ್ಲ ಈಗ."

"ಎತ್ಕೊಡು ಅಂತ ಕೇಳಕ್ಕೆ ಬಾಯಿಗೂ ಸೊಂಟ ನೋವಾ?"

ಅಷ್ಟು ಹೇಳಿ ತೇತಾ ಫೋನು ನನ್ನ ಕೈಗಿಟ್ಟರು.

"ಲೇಸ್ಯಾ," ಎಂದರು ಓರೆಸ್ಟ್. "ನಾಲ್ಕು ಗಂಟೆಗೆ ಮತ್ತೆ ಮಾಡ್ತೀನಿ. ಹೆಂಗ್ ಎಬ್ಬಿಸ್ತೀಯೋ ನಿಂಗೆ ಬಿಟ್ಟಿದ್ದು. ಒಂದೇ ಏಟು. ಫೆಬ್ರವರಿದೇ ಕೇಳಿಸ್ಬೇಕು."

ಇನ್ನು ನಾಲ್ಕು ಗಂಟೆ, ಆದರೆ ಬ್ಯಾಟರಿ ಎಲ್ಲಿದೆ? ನಾನು ಬೀದಿಯ ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದೆ. ತೇತಾ ಆಗಲೇ ತಮ್ಮ ಶೆಡ್ಡಿನ ಬಾಗಿಲು ಎತ್ತುತ್ತಿದ್ದರು. ಒಳಗೆ ಅವರ ಬಿಳಿ ಕಾರು.

"ಏನ್ ಬಾಯ್ಬಿಟ್ಕೊಂಡು ನಿಂತಿದೀಯ? ಹತ್ತನೇ ನಂಬರ್ ಪಾನ ತಗೊಂಬಾ. ಬುಧವಾರ ಸಂಜೆ ನಂಗೆ ಬಿಂಗೋ ಆಟಕ್ಕೆ ಹೋಗೋದಿದೆ. ಅಷ್ಟರೊಳಗೆ ಹೊಸ ಬ್ಯಾಟ್ರಿ ಹಾಕ್ಸಿ ನನ್ದು ನಂಗೆ ತಂದ್ಕೊಡ್ಬೇಕು. ಇಲ್ಲಾಂದ್ರೆ ನಿನ್ನ ಹೆಗಲ ಮೇಲೆ ಕೂತ್ಕೊಂಡು ಹೋಗ್ತೀನಿ."

ಬೋರಿಸ್ ಪಾಳಿಗೆ ಹೊರಟ. ಹೋಗುವಾಗ, "ನಾನಾಗಿದ್ರೆ ಹೇಳ್ತಿರ್ಲಿಲ್ಲಪ್ಪ," ಎಂದವನು ಒಂದು ಕ್ಷಣ ನಿಂತು ತನ್ನ ದಪ್ಪ ಕೈಗವಸು ಬಿಚ್ಚಿ ನನ್ನ ಮೇಲೆಸೆದು ಹೋದ.

ಬಿಚ್ಚಿ, ಹೊತ್ತು ತಂದು, ಕೂರಿಸಿದೆ. ಕಾರಿನ ಬ್ಯಾಟರಿ ಟ್ರಕ್ಕಿನ ತಟ್ಟೆಗೆ ಸಣ್ಣದು, ಅಲುಗಾಡುತ್ತಿತ್ತು. ಪಕ್ಕಕ್ಕೊಂದು ಮರದ ತುಂಡು ತುರುಕಿ ಬೆಲ್ಟ್ ಬಿಗಿದೆ. ತಂತಿಯ ತುದಿಗಳನ್ನು ಉಜ್ಜಿ ಹೊಳಪು ಬರಿಸಿದೆ. ವಯರು ಎಂಜಿನ್ನನ್ನು ಬೆಚ್ಚಗೆ ಇಟ್ಟಿತ್ತು. ಬಾನೆಟ್ಟಿನ ಮೇಲೆ ಹಳೆಯ ರಜಾಯಿ ಹೊದಿಸಿದೆ. ಎರಡೂವರೆಗೆ ಎಲ್ಲ ಮುಗಿಯಿತು. ಒಮ್ಮೆ, ಒಂದೇ ಒಮ್ಮೆ ತಿರುಗಿಸಿ ನೋಡಿಬಿಡಲೇ? ಕೈ ಕೀಲಿಯ ಹತ್ತಿರ ಹೋಗುವುದು, ತೇತಾ ಅದರ ಮೇಲೆ ಹೊಡೆಯುವುದು. ಹೀಗೇ ಒಂದೂವರೆ ಗಂಟೆ ಕಳೆಯಿತು.

ನಾಲ್ಕಕ್ಕೆ ಫೋನ್ ಬಂತು. ಫ್ಯಾನು, ದೀಪ, ರೇಡಿಯೋ, ಸೀಟು ಎಲ್ಲ ಆರಿಸಿದೆ. ಫೋನನ್ನು ಎಂಜಿನ್ ಕಡೆ ಹಿಡಿಯಲು ತೇತಾ ಕೈಗೆ ಕೊಟ್ಟೆ. ಕೀಲಿ ತಿರುಗಿಸಿದೆ.

ಕ... ರ್ರ್... ಒಂದು ಸುತ್ತು. ನಿಂತೇ ಹೋಯಿತು ಅನ್ನಿಸಿತು. ಇನ್ನೊಂದು ಸುತ್ತು. ಆಮೇಲೆ ಒಂದು ದೊಡ್ಡ ಕೆಮ್ಮು, ಬಿಳಿ ಹೊಗೆ, ಕೂತಿದ್ದ ಸೀಟೇ ಅದುರುವಂಥ ಗುಡುಗುಡು.

ನಾನು ಕಿರುಚಿದೆ. ತೇತಾ ಕೂಡ ಕಿರುಚಿದರು, ಆಮೇಲೆ ಕೆಮ್ಮಿದಂತೆ ಮಾಡಿದರು.

"ಯಾರ್ದು ಬ್ಯಾಟ್ರಿ?" ಓರೆಸ್ಟ್ ಕೂಗಿ ಕೇಳಿದರು.

"ತೇತಾ ಪರಾಸ್ಕಾದು!"

"ಪರಾಸ್ಕಾ ಕೊಟ್ಳಾ? ನಂಗೆ ಇವತ್ತಿನವರ್ಗೂ ಒಂದು ಹಿಮ ಎತ್ತೋ ಸಲಿಕೆ ಕೊಟ್ಟಿಲ್ಲ ಅವ್ಳು!"

"ನೀನು ಕೇಳೇ ಇಲ್ವಲ್ಲೋ!"

ಓರೆಸ್ಟ್ ನಕ್ಕರು. "ಲೇಸ್ಯಾ, ಆಫ್ ಮಾಡ್ಬೇಡ. ಹಂಗೇ ರಸ್ತೆಗಿಳಿಸು. ಒಂದು ಗಂಟೆ ಓಡ್ಸು, ಆಮೇಲೆ ನಿಲ್ಸು."

"ಉಪ್ಪು, ವುಯ್ಕೊ?"

"ತಿಂದ್ರೆ ತಿನ್ಲಿ ಬಿಡು."

ಸೋಮವಾರ ಏಳೂವರೆಗೆ ಕಾಲೇಜಿನ ಅಂಗಳಕ್ಕೆ ತಲುಪಿದೆ. ತೊಂಬತ್ತು ಕಿಲೋಮೀಟರ್ ದಾರಿಯಲ್ಲಿ ಕಾಫಿಗೂ ನಿಲ್ಲಿಸಿರಲಿಲ್ಲ. ಸಾಲಾಗಿ ನಿಂತ ಪ್ಲಗ್ಗಿನ ಕಂಬಗಳಲ್ಲಿ ಒಂದಕ್ಕೆ ಹೀಟರಿನ ವಯರು ಸಿಕ್ಕಿಸಿದೆ. ಮತ್ತೆ ಒಳಗೆ ಬಂದು ಕೂತೆ. ಎಂಜಿನ್ ನಿಲ್ಲಿಸುವುದು ಹೇಗೆ? ಸಂಜೆ ಏಳದಿದ್ದರೆ? ಏಳು ಐವತ್ತರವರೆಗೂ ಹಾಗೇ ಕೂತಿದ್ದೆ. ಹುಡುಗರು, ಇಬ್ಬರು ಹುಡುಗಿಯರು, ಕಬ್ಬಿಣದ ಪೆಟ್ಟಿಗೆಗಳನ್ನು ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು.

ಕೊನೆಗೆ ಕೀಲಿ ಹಿಂದಕ್ಕೆ ತಿರುಗಿಸಿದೆ. ಎಂಜಿನ್ ನಿಂತಿತು. ಎಂಥ ಮೌನ! ಬೆರಳು ಇನ್ನೂ ಕೀಲಿಯ ಮೇಲೇ ಇತ್ತು. ಒಮ್ಮೆ ತಿರುಗಿಸಿ ನೋಡಿಬಿಡು, ಸುಮ್ಮನೆ, ಏಳುತ್ತದೋ ಇಲ್ಲವೋ, ಒಂದೇ ಸಲ, ಎಂದು ಅದು ತುರಿಸುತ್ತಿತ್ತು.

ಕೀಲಿ ಕಿತ್ತು ಬೋರಿಸ್‌ನ ಕೈಗವಸಿನ ತಳಕ್ಕೆ ತುರುಕಿಕೊಂಡು ಓಡಿದೆ.