ಬಯಕೆಯ ಸೌತೆಕಾಯಿ

ಕಾತ್ರಜ ಊರಿನಾಚೆ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಶಿವಪ್ಪನವರದು ಅರ್ಧ ಎಕರೆ ಸೌತೆ ತೋಟ. ಈ ಸಲ ಎಲೆಗಳ ಮೇಲೆ ಬಿಳಿ ಹುಡಿ ಕಾಣಿಸಿತು. ಬೂದಿ ರೋಗ. ಪಕ್ಕದ ಮನೆಯ ಸ್ನೇಹಲ್ ಕೃಷಿ ಓದಿದವಳು. ಮೊದಲ ಚುಕ್ಕೆ ಕಂಡಾಗಲೇ, ಮೊಳಕೆ ಕಾಳಿನ ಪ್ರೋಟೀನಿನಿಂದ ಮಾಡಿದ ಔಷಧಿಗಳು ಬಂದಿವೆ, ಇಲ್ಲಿ ಸಿಗುತ್ತವೆಯೇ ವಿಚಾರಿಸೋಣ ಎಂದಿದ್ದಳು. ಶಿವಪ್ಪ ನಕ್ಕುಬಿಟ್ಟರು.

"ಕಾಳ ತಿಂದ್ರ ನಮಗ ಶಕ್ತಿ ಬರ್ತದ, ಖರೇ. ಬೂದಿ ರೋಗ ಅದಕ್ಕ ಹೆದರತದೇನವಾ?"

ರೋಗ ತೋಟವೆಲ್ಲ ಹಬ್ಬಿದ ಮೇಲೆ ಘಾಟು ವಾಸನೆಯ ಔಷಧಿ ತಂದು ಒಂದು ಬೆಳಿಗ್ಗೆ ಹೊಡೆದರು. ಏಳು ದಿನ ಕಾಯಿ ಕೀಳಬಾರದೆಂದು ಡಬ್ಬಿಯ ಮೇಲೆ ಬರೆದಿತ್ತು. ಅದನ್ನು ನೆನಪಿಟ್ಟು ಮಂಡಿಯ ವ್ಯಾಪಾರಿಗೆ ಫೋನಿನಲ್ಲಿ ಹೇಳಿದರು. ಮನೆಯಲ್ಲಿ ಹೇಳಲಿಲ್ಲ.

ಸೊಸೆ ರೇಣುಗೆ ಏಳು ತಿಂಗಳು. ಅವಳ ಬಯಕೆಯೆಲ್ಲ ಎಳೆ ಸೌತೆಕಾಯಿಯ ಮೇಲೆ. ನಮ್ಮ ವಿಜಯಪುರದ ಕಡೆಯವರ ಊಟ ಗೊತ್ತಲ್ಲ, ರೊಟ್ಟಿಯ ಜೊತೆ ಹಸಿ ಸೌತೆ, ಹಸಿ ಮೆಂತ್ಯ ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲ. ಅಂದೇ ಮಧ್ಯಾಹ್ನ ಅತ್ತೆ ಸಾವಂತ್ರವ್ವ ಎರಡು ಕಾಯಿ ಕಿತ್ತು, ಸೆರಗಿನಲ್ಲೇ ಒರೆಸಿ ಹೆಚ್ಚಿಕೊಟ್ಟಳು.

ಶಿವಪ್ಪ ಊಟಕ್ಕೆ ಬಂದಾಗ ತಟ್ಟೆಯಲ್ಲಿ ಒಂದೇ ಹೋಳು ಉಳಿದಿತ್ತು. ಎಲ್ಲಿಯ ಕಾಯಿ ಎಂದು ಕೇಳಿದರು. ನಮ್ಮ ಬಳ್ಳಿಯದೇ ಎಂದಳು ರೇಣು. ಬೆಳಿಗ್ಗೆಯಷ್ಟೇ ಅದಕ್ಕೆ ಔಷಧಿ ಹೊಡೆದಿದ್ದೇನೆ ಎಂದು ಅವರು ಕೂಗಿಕೊಂಡರು.

ಕೂಗು ಕೇಳಿ ಓಡಿಬಂದ ಸ್ನೇಹಲ್, ಒತ್ತಾಯದಿಂದ ವಾಂತಿ ಮಾಡಿಸಬೇಡಿ, ಔಷಧಿ ಡಬ್ಬಿ ಜೊತೆಗಿರಲಿ ಎಂದು ಎಲ್ಲರನ್ನೂ ಆಸ್ಪತ್ರೆಗೆ ಹೊರಡಿಸಿದಳು. ದಾರಿಯಲ್ಲಿ ರೇಣು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳು.

"ಅತ್ತಿ, ಕೂಸು ಮಿಸುಕಾಡವಲ್ದು."

ಸಾವಂತ್ರವ್ವ ತನ್ನ ಕೈಯನ್ನೇ ನೋಡುತ್ತ ಅಳುತ್ತಿದ್ದಳು. ಶಿವಪ್ಪನವರಿಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಆಸ್ಪತ್ರೆಯಲ್ಲಿ ಕೂಸಿನ ಎದೆಬಡಿತ ಕೇಳಿಸಿತು. ಸಂಜೆಯವರೆಗೆ ನಿಗಾ ಇಟ್ಟ ಡಾಕ್ಟರು, ಈ ಸಲ ಪಾರಾದಿರಿ ಎಂದರು. ಶಿವಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. ಆ ಕಾಳಿನ ಔಷಧಿ ಏನು, ಈಗ ಹೇಳವಾ ಎಂದು ಸ್ನೇಹಲ್ ಹತ್ತಿರ ತಾವೇ ಕೇಳಿದರು.

"ಬೀಜ ಮೊಳಕಿ ಒಡಿಯೋ ಮುಂದ ಮಣ್ಣಿನ್ಯಾಗ ಬೂಷ್ಟು ಅದನ್ನ ತಿನ್ನಾಕ ಕಾಯ್ತಿರ್ತದ, ಕಾಕಾ. ಅದಕ್ಕ ಗಿಡಗೋಳು ತಮ್ಮೊಳಗ ಕೆಲವು ಪ್ರೋಟೀನ್ ಮಾಡ್ಕೋತಾವ. ಅವು ಬೂಷ್ಟಿನ ಗ್ವಾಡಿ, ಅಂದ್ರ ಅದರ ಹೊರಗಿನ ಪದರ, ಒಡೀತಾವ. ಬೂದಿ ರೋಗಾನೂ ಬೂಷ್ಟಿನ ಜಾತೀದ. ಅಂಥಾದ್ದನ್ನ ತಗದು ಔಷಧಿ ಮಾಡ್ಯಾರ."

ಮನೆಯಲ್ಲಿ ಮೊಳಕೆಗೆ ಇಡುವ ಮಡಕಿ ಕಾಳು ನೆನೆಸಿದ ನೀರು ಹೊಡೆದರೆ ಆಗದೇ ಎಂದು ಸಾವಂತ್ರವ್ವ ಕೇಳಿದಳು. ಆಗುವುದಿಲ್ಲ ಎಂದಳು ಸ್ನೇಹಲ್. ಎಲ್ಲ ಕಾಳಿನಲ್ಲೂ ಆ ಗುಣ ಅಷ್ಟಿರುವುದಿಲ್ಲ. ರೋಗ ಮೀರಿದ ಮೇಲೆ ಆ ಔಷಧಿಯೂ ಪವಾಡ ಮಾಡುವುದಿಲ್ಲ, ಮೊದಲ ಚುಕ್ಕೆಗೇ ಎಚ್ಚರಾಗಬೇಕು.

ಈಗ ಶಿವಪ್ಪ ತೋಟಕ್ಕೆ ಏನೇ ಹೊಡೆದರೂ ಮೊದಲು ಅಡುಗೆಮನೆಯ ಬಾಗಿಲಿಗೆ ಬಂದು ಹೇಳುತ್ತಾರೆ. ಮಂಡಿಗೆ ಫೋನು ಆಮೇಲೆ.

ತೋಟ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಎಲೆಯ ಮೇಲೆ ಬಿಳಿ ಕಂಡ ದಿನವೇ ಕೃಷಿ ಇಲಾಖೆಯವರನ್ನು ಕೇಳಿ. ಸಸ್ಯದ ಪ್ರೋಟೀನಿನ ಔಷಧಿಯನ್ನು ನಿಮ್ಮ ಬೆಳೆಗೆ ಬಳಸಲು ಸರ್ಕಾರದ ಒಪ್ಪಿಗೆ ಇದೆಯೇ ವಿಚಾರಿಸಿ. ಯಾವುದನ್ನೇ ಹೊಡೆದರೂ ಡಬ್ಬಿಯ ಮೇಲಿನ ದಿನಗಳನ್ನು ಮನೆಯವರಿಗೆಲ್ಲ ಹೇಳಿ. ಕೂಸು ಮಿಸುಕಾಡದ ಆ ದಾರಿ ನಿಮ್ಮ ಮನೆಯವರಿಗೆ ಬರುವುದು ಬೇಡ.