ದೊಡ್ಡಮ್ಮ ಕೂತ ತಿರುಗುಕುರ್ಚಿ

ವಿಮಾನ ಹಾರಿಸಲು ಕಲಿಸುವ ಶಾಲೆಯೊಳಗೆ ಕಾಲಿಟ್ಟಿದ್ದೇ ತಡ, ದೊಡ್ಡಮ್ಮನ ಪ್ರಶ್ನೆಗಳು ಶುರುವಾದವು. ಪರದೆ ಹೊಲಿಯುವ ಅಂಗಡಿ ನಡೆಸುವ ಹೆಂಗಸು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡದೆ ಒಂದು ತುಂಡನ್ನೂ ಕೊಂಡವಳಲ್ಲ.

"ಲೈಸೆನ್ಸ್ ಬಂದಾಯ್ತಲ್ಲೇ, ಮತ್ತೆ ಇನ್ನೇನು ಕಲಿಯೋದು?" ಎಂದಳು ತಂಗಿಯ ಮಗಳಿಗೆ.

"ಅದು ಒಂದು ಎಂಜಿನ್ ವಿಮಾನಕ್ಕೆ, ದೊಡ್ಡಮ್ಮ. ಅದೂ ಹೊರಗೆಲ್ಲ ಚೆನ್ನಾಗಿ ಕಾಣ್ತಿದ್ರೆ ಮಾತ್ರ. ಎರಡು ಎಂಜಿನ್‌ಗೆ ಬೇರೆ ರೇಟಿಂಗ್, ಅಂದ್ರೆ ಲೈಸೆನ್ಸ್ ಮೇಲೆ ಇನ್ನೊಂದು ಪರವಾನಗಿ. ಮೋಡದೊಳಗೆ ಬರೀ ಮೀಟರ್ ನೋಡ್ಕೊಂಡು ಹಾರಿಸೋಕೆ ಇನ್ನೊಂದು."

"ಅಂದ್ರೆ ಅಂಗಿಗೊಂದು ಬೆಲೆ, ತೋಳಿಗೊಂದು ಬೆಲೆ, ಗುಂಡಿಗೊಂದು ಬೆಲೆ ಅನ್ನು!"

ಫೀಸು ತುಂಬಿಸಿಕೊಳ್ಳುವ ಗುಮಾಸ್ತೆ ನಗು ತಡೆಯಲಾರದೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು.

ದೊಡ್ಡಮ್ಮ ಅಂಗಡಿ ದೊಡ್ಡದು ಮಾಡಲು ಇಟ್ಟಿದ್ದ ಹಣದಲ್ಲಿ ಈ ವರ್ಷ ಒಂದೇ ರೇಟಿಂಗ್ ಆಗುತ್ತಿತ್ತು. ಮೋಡದ್ದು ಮೊದಲು ಮಾಡು ಎಂದು ಹಾರಾಟ ಕಲಿಸುವ ಮೇಷ್ಟ್ರು ಹೇಳಿದ್ದರೂ ಹುಡುಗಿಯ ಮನಸ್ಸೆಲ್ಲ ಎರಡು ಎಂಜಿನ್ನಿನ ಮೇಲೆ. ದೊಡ್ಡಮ್ಮನೂ ತಲೆಯಾಡಿಸಿದ್ದಳು: ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದಲ್ಲ!

ಅಷ್ಟರಲ್ಲಿ ಮೂಲೆಯ ಕುರ್ಚಿ ಅವಳ ಕಣ್ಣಿಗೆ ಬಿತ್ತು. "ಇದೇನು ಮೇಷ್ಟ್ರೇ, ಕ್ಷೌರದ ಕುರ್ಚಿಗೆ ಬೆಲ್ಟ್ ಹಾಕಿದೀರಿ? ಗಿರಾಕಿ ಓಡಿಹೋಗ್ತಾನೆ ಅಂತಲಾ?"

"ಕೂತು ನೋಡಿ. ಕಣ್ಣು ಮುಚ್ಚಿ. ಯಾವ ಕಡೆ ತಿರುಗ್ತೀರೋ ಆ ಕಡೆ ಕೈ ತೋರಿಸಿ."

ದೊಡ್ಡಮ್ಮ ಸೆರಗು ಸಿಕ್ಕಿಸಿ ಕೂತಳು. ಮೇಷ್ಟ್ರು ಕುರ್ಚಿಯನ್ನು ಒಂದೇ ವೇಗದಲ್ಲಿ ತಿರುಗಿಸತೊಡಗಿದರು. ಕೈ ಬಲಕ್ಕೆ ಹೋಯಿತು, ಸರಿ. ತುಸು ಹೊತ್ತಿಗೆ ಕೈ ಮಡಿಲಿಗಿಳಿಯಿತು.

"ಯಾಕ್ ನಿಲ್ಲಿಸಿದ್ರಿ?"

ಕುರ್ಚಿ ಇನ್ನೂ ಬಲಕ್ಕೇ ತಿರುಗುತ್ತಿತ್ತು. ಮೇಷ್ಟ್ರು ಈಗ ನಿಜಕ್ಕೂ ನಿಲ್ಲಿಸಿದರು.

"ಅಯ್ಯೋ, ಎಡಕ್ಕೆ ಯಾಕ್ರೀ ತಿರುಗಿಸ್ತೀರಿ, ನಿಧಾನ!" ಎಂದು ಎಡಗೈ ಚಾಚಿದಳು.

ಎಲ್ಲರೂ ಗೊಳ್ಳೆಂದರು. ಕಣ್ಣು ಬಿಟ್ಟ ದೊಡ್ಡಮ್ಮ ನಗಲಿಲ್ಲ. ನೆಲ ನೋಡಿದಳು, ಕುರ್ಚಿಯ ಕಾಲು ನೋಡಿದಳು. "ನಾನು ಸುಳ್ಳು ಹೇಳ್ಲಿಲ್ಲ. ನಂಗೆ ಹಾಗೇ ಅನ್ನಿಸ್ತು."

"ಎಲ್ರಿಗೂ ಹಾಗೇ ಅಮ್ಮ. ಕಿವಿಯೊಳಗಿನ ನೀರು ಮಾಡೋ ಕೆಲಸ. ಮೋಡದಲ್ಲಿ ಹೊರಗೇನೂ ಕಾಣದಿದ್ದಾಗ ಇದೇ ಆಗೋದು, ಅದಕ್ಕೇ ಮೀಟರ್ ನಂಬೋದು ಕಲಿಸೋದು."

"ಇವಳಿಗೂನಾ? ಲೈಸೆನ್ಸ್ ಇರೋಳಿಗೂನಾ? ಬಾರೇ ಇಲ್ಲಿ, ಕೂತ್ಕೋ."

"ನಂಗೆ ಗೊತ್ತು ದೊಡ್ಡಮ್ಮ, ಪುಸ್ತಕದಲ್ಲಿ ಓದಿದೀನಿ. ನಾನು ಮೋಸ ಹೋಗಲ್ಲ."

ಹುಡುಗಿ ಬೀಗುತ್ತಲೇ ಕೂತಳು. ಮೇಷ್ಟ್ರು ಬಲಕ್ಕೆ ತಿರುಗಿಸಿ ಕುರ್ಚಿ ನಿಲ್ಲಿಸಿದಾಗ ಅವಳ ಎಡಗೈಯೂ ಗಟ್ಟಿಯಾಗಿ ಚಾಚಿಕೊಂಡಿತು. ಕಣ್ಣು ಬಿಟ್ಟಾಗ ಎದುರಿಗೆ ದೊಡ್ಡಮ್ಮನ ಮುಖ, ಅಲುಗದೆ.

"ಓದಿದ್ದೆ ಅಂದ್ಯಲ್ಲ?"

ಹುಡುಗಿ ಕೈ ಕೆಳಗಿಳಿಸಿದಳು.

"ನೋಡು ಮಗಳೇ, ಒಂದು ಎಂಜಿನ್ ತಪ್ಪು ದಾರಿಗೆ ಒಯ್ಯೋದಾದ್ರೆ ಎರಡು ಎಂಜಿನ್ ಇನ್ನೂ ಬೇಗ ಒಯ್ಯುತ್ತೆ, ಅಷ್ಟೇ. ದುಡ್ಡು ನಂದು, ತಲೆ ನಿಂದು. ಯಾವುದಕ್ಕೆ ಕಟ್ಟಲಿ, ನೀನೇ ಹೇಳು."

ಹುಡುಗಿ ಕಿಟಕಿಯಾಚೆ ನಿಂತಿದ್ದ ಎರಡು ಎಂಜಿನ್ನಿನ ಬಿಳಿ ವಿಮಾನವನ್ನು ಒಮ್ಮೆ ನೋಡಿದಳು. ಆಸೆ ಹೋಗಿರಲಿಲ್ಲ. ತಲೆ ತಿರುಗುವುದೂ ಇನ್ನೂ ನಿಂತಿರಲಿಲ್ಲ.

"ಮೋಡದ್ದು," ಎಂದಳು ಗುಮಾಸ್ತೆಗೆ.

ದೊಡ್ಡಮ್ಮ ಪರ್ಸಿನಿಂದ ಕಾರ್ಡ್ ತೆಗೆದಳು. ಕೊಡುವಾಗ ಕೈ ಅರ್ಧಕ್ಕೇ ನಿಂತಿತು.

"ಅಲ್ಲ ಮೇಷ್ಟ್ರೇ, ಆ ಮೀಟರೇ ಸುಳ್ಳು ಹೇಳಿದ್ರೆ?"

ಮೇಷ್ಟ್ರು ಎರಡು ಸ್ಟೂಲು ಎಳೆದು ಹಾಕಿದರು. "ಕೂತ್ಕೊಳ್ಳಿ, ಆ ಪಾಠಾನೂ ಈ ಫೀಸಲ್ಲೇ ಬರುತ್ತೆ."