ಹೇರಂಬ ಭಟ್ಟರು ಹೇಳದೆ ಉಳಿಸಿದ್ದು

"ಮೊಬೈಲು ಇಲ್ಲಿಡಿ ಸಾರ್. ಪೆನ್ನನ್ನೂ ಇಲ್ಲೇ ಇಡಿ."

"ಪೆನ್ನೂ?" ಹೇರಂಬ ಭಟ್ಟರು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಪೆನ್ನೂ," ಎಂದ ಬೆಂಗಳೂರಿನಿಂದ ಬಂದ ವಿದ್ಯುತ್ ಆಯೋಗದ ಅಧಿಕಾರಿ. ಸಾಗರದ ಪ್ರವಾಸಿ ಮಂದಿರದ ಹಿಂದಿನ ಕೋಣೆಯ ಬಾಗಿಲಲ್ಲಿ ಅವನೊಂದು ಸ್ಟೂಲು ಹಾಕಿ, ಅದರ ಮೇಲೆ ತಟ್ಟೆ ಇಟ್ಟುಕೊಂಡಿದ್ದ. "ಒಳಗೆ ಕೂತು ಓದಬಹುದು. ಬರ್ಕೊಳ್ಳೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ಓದಿದ್ದನ್ನ ಹದಿನೈದು ದಿನ ಬಿಟ್ಟು ಆಯೋಗದ ಮುಂದೆ, ಮುಚ್ಚಿದ ಬಾಗಿಲ ಹಿಂದೆ ಮಾತ್ರ ಹೇಳಬಹುದು. ಬೇರೆ ಎಲ್ಲೂ, ಯಾರಿಗೂ ಹೇಳಬಾರದು. ಮುಚ್ಚಳಿಕೆಗೆ ಸಹಿ ಮಾಡಿದೀರಲ್ಲ?"

"ಮಾಡಿದೇನೆ," ಎಂದರು ಭಟ್ಟರು. ಅಂಗಳದಲ್ಲಿ ನಿಂತಿದ್ದ ಕೋಣಂದೂರಿನ ಮಂಜುನಾಥಪ್ಪ ಇದನ್ನು ಕೇಳಿ ಹಣೆ ಒತ್ತಿಕೊಂಡರು.

ಒತ್ತಿಕೊಳ್ಳುವುದಕ್ಕೆ ಕಾರಣವಿತ್ತು. ಹೊಸನಗರದ ಕಡೆಯ ಹೊಳೆಯೊಂದಕ್ಕೆ ಸಣ್ಣ ಕಟ್ಟೆ ಕಟ್ಟಿ ಕರೆಂಟು ಮಾಡುವ ಹೊಳೆಸಾಲು ಪವರ್ ಎಂಬ ಕಂಪನಿ, ತನ್ನ ಕರೆಂಟಿನ ದರ ಏರಿಸಬೇಕೆಂದು ವಿದ್ಯುತ್ ಆಯೋಗಕ್ಕೆ ಅರ್ಜಿ ಹಾಕಿತ್ತು. ಯಂತ್ರಗಳನ್ನು ನೋಡಿಕೊಳ್ಳುವ ಗುತ್ತಿಗೆ ದುಬಾರಿಯಾಗಿದೆ ಎಂಬುದು ಅದು ಕೊಟ್ಟ ಕಾರಣ. ದರ ಏರಿದರೆ ಅದು ಸುತ್ತಿ ಬಳಸಿ ಕೊನೆಗೆ ಜನರ ಬಿಲ್ಲಿಗೇ ಬಂದು ಕೂರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಬಳಕೆದಾರರು ಸೇರಿ ವೇದಿಕೆ ಕಟ್ಟಿಕೊಂಡು ತಕರಾರು ಹಾಕಿದರು. ಆ ಗುತ್ತಿಗೆಯ ಕರಾರು ತೋರಿಸಿ ಎಂದರು. ತೋರಿಸಲಾರೆವು, ಅದು ನಮ್ಮ ವ್ಯಾಪಾರದ ಗುಟ್ಟು, ನಾವು ಯಾರಿಂದ ಯಾವ ಷರತ್ತಿಗೆ ಕೆಲಸ ಮಾಡಿಸುತ್ತೇವೆಂದು ಪೈಪೋಟಿಯವರಿಗೆ ತಿಳಿದರೆ ನಾವು ಮುಳುಗಿದ ಹಾಗೆ, ಎಂದಿತು ಕಂಪನಿ. ಆಯೋಗ ಇಬ್ಬರ ಮಾತನ್ನೂ ಕೇಳಿ, ಗುಟ್ಟು ಗುಟ್ಟಾಗಿಯೇ ಇರಲಿ, ಆದರೆ ವೇದಿಕೆಯಿಂದ ಒಬ್ಬರೇ ಒಬ್ಬರು ನೋಡಲಿ ಎಂದು ಆದೇಶ ಮಾಡಿತು. ನೋಡಿದವರು ಬಾಯಿ ಬಿಟ್ಟರೆ ವೇದಿಕೆಯ ತಕರಾರು ಅಲ್ಲಿಗೇ ವಜಾ.

ಆ ಒಬ್ಬರು ಯಾರು ಎಂಬಲ್ಲಿ ಮೂರೂ ತಾಲ್ಲೂಕು ತಲೆ ಕೆಡಿಸಿಕೊಂಡಿತು. ಕರಾರು ಓದಿ, ಲೆಕ್ಕ ಹಿಡಿದು, ಬರೆದುಕೊಳ್ಳದೆ ತಲೆಯಲ್ಲೇ ಇಟ್ಟುಕೊಂಡು ಬರುವ ಮನುಷ್ಯ ಬೇಕಿತ್ತು. ಸಹಕಾರ ಇಲಾಖೆಯಲ್ಲಿ ಲೆಕ್ಕ ಪರಿಶೋಧಕರಾಗಿ ನಿವೃತ್ತರಾದ ಹೇರಂಬ ಭಟ್ಟರನ್ನು ಬಿಟ್ಟರೆ ಅಂಥವರು ಇರಲಿಲ್ಲ. ತೊಂದರೆಯೆಂದರೆ, ಭಟ್ಟರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಂದು ನಂಬುವವರೂ ಇರಲಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ ಹಾಡಿದರೆ ಅದರ ಮೇಲೆ ಕೂತಲ್ಲೇ ಗಂಟೆಗಟ್ಟಲೆ ಮಾತು ಕಟ್ಟಬೇಕು; ಆ ಮಾತಿಗೇ ಅರ್ಥ ಎನ್ನುವುದು. ಇದರಲ್ಲಿ ಭಟ್ಟರನ್ನು ಮಾತಿನಲ್ಲಿ ಸೋಲಿಸಿದವರು ಸಾಗರ ಸೀಮೆಯಲ್ಲಿ ಹುಟ್ಟಿರಲಿಲ್ಲ. ಮಾತಿನ ಭರದಲ್ಲಿ ಒಮ್ಮೆ ಸ್ವಂತ ತಂಗಿಯ ಮದುವೆಯನ್ನು, ಗಂಡಿನ ಕಡೆಯವರು ಒಪ್ಪುವ ಮೊದಲೇ, ತುಂಬಿದ ಸಭೆಯಲ್ಲಿ ಹೇಳಿಬಿಟ್ಟಿದ್ದರು. ಗಂಡಿನ ಕಡೆಯವರು ಅದೇ ಸಭೆಯಲ್ಲಿ ಕೂತಿದ್ದರು ಎಂಬುದನ್ನು ಹೆಂಡತಿ ಮಹಾಲಕ್ಷ್ಮೀ ಇವತ್ತಿಗೂ ಮರೆತಿಲ್ಲ.

"ಭಟ್ರೇ, ತಪ್ಪು ತಿಳೀಬೇಡಿ," ಎಂದು ಮಂಜುನಾಥಪ್ಪ ವೇದಿಕೆಯ ಸಭೆಯಲ್ಲೇ ಹೇಳಿದ್ದರು. ಅವರದು ಅಕ್ಕಿ ಗಿರಣಿ. ಕರೆಂಟು ಏರಿದರೆ ಮೊದಲ ಪೆಟ್ಟು ಅವರಿಗೇ. "ನೀವು ಇಲ್ಲಿ ಓದಿದ್ದು ಸಂಜೆಗೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಕೇಳ್ತದೆ ಮಾರಾಯ್ರೆ. ಹಂಗಾದ್ರೆ ನಮ್ಮ ಕತೆ ಮುಗೀತು."

ಎಲ್ಲರೂ ನಕ್ಕರು. ಭಟ್ಟರೂ ನಕ್ಕರು, ಆದರೆ ಆ ಮಾತು ಅವರಿಗೆ ಚೆನ್ನಾಗಿಯೇ ನಾಟಿತು. ವೇದಿಕೆಯ ವಕೀಲೆ, ಹೊಸನಗರದ ಸ್ವಪ್ನಾ ಮಾತ್ರ ನಗಲಿಲ್ಲ. "ಭಟ್ರು ಸಹಿ ಹಾಕಿದ್ರೆ ನಂಗೆ ಸಾಕು," ಎಂದು ಮುಚ್ಚಳಿಕೆಯನ್ನು ಅವರ ಮುಂದೆ ಸರಿಸಿದ್ದಳು.

ಭಟ್ಟರು ಒಳಗೆ ಹೋದವರು ಮಧ್ಯಾಹ್ನದ ಊಟದ ಹೊತ್ತಿಗೆ ಹೊರಗೆ ಬಂದರು. ತಟ್ಟೆಯಿಂದ ಪೆನ್ನು ತೆಗೆದು ಜೇಬಿಗೆ ಸಿಕ್ಕಿಸಿಕೊಂಡರು. ಮುಖದಲ್ಲಿ ಏನೋ ಇತ್ತು. ಇಸ್ಪೀಟಿನಲ್ಲಿ ಗೆಲ್ಲುವ ಎಲೆ ಸಿಕ್ಕವನ ಮುಖ ಹೀಗೇ ಇರುತ್ತದೆ ಎಂದು ಮಂಜುನಾಥಪ್ಪನವರಿಗೆ ಅನ್ನಿಸಿತು.

"ಸಿಕ್ತಾ?"

"ಹಸಿವಾಗ್ತಿದೆ, ಊಟಕ್ಕೆ ಹೋಪನ," ಎಂದರು ಭಟ್ಟರು, ಎದುರಿಗಿರುವವರು ತಮ್ಮ ಮನೆಯವರಲ್ಲ ಎಂಬುದನ್ನೇ ಮರೆತು, ಮನೆಮಾತಿನಲ್ಲಿ.

ಅವರಿಗೆ ಸಿಕ್ಕಿದ್ದೇನು ಎಂದು ಓದುಗರು ನನ್ನನ್ನು ಕೇಳಿ ಪ್ರಯೋಜನವಿಲ್ಲ. ನನಗೂ ಗೊತ್ತಿಲ್ಲ.

ಆಮೇಲಿನ ದಿನಗಳು ಭಟ್ಟರ ಪಾಲಿಗೆ ಪಥ್ಯದ ದಿನಗಳಾದವು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಹಾಲು ತರಲು ಹೊರಟರೆ ಓಣಿಯ ಕೊನೆ ಮುಟ್ಟುವುದರೊಳಗೆ ಮೂವರು ತಡೆದು ಕೇಳುತ್ತಿದ್ದರು. ಚೌಕದ ಹೋಟೆಲಿನವನು ಚಾ ಕೊಟ್ಟು, ದುಡ್ಡು ಬೇಡ, ಒಂದೇ ಮಾತು ಹೇಳಿ ಎಂದ. ಭಟ್ಟರು ಚಾ ಕುಡಿದು ದುಡ್ಡು ಕೊಟ್ಟು ಬಂದರು. ಹೇಳಲು ಏನೂ ಇಲ್ಲದವನು ಸುಮ್ಮನಿರುವುದು ದೊಡ್ಡ ಮಾತಲ್ಲ. ಭಟ್ಟರ ನಾಲಗೆಯ ತುದಿಯಲ್ಲೇ ಜೀವಮಾನದ ದೊಡ್ಡ ಸಂಗತಿ ಕೂತಿತ್ತು. ಅದನ್ನು ಹೇಳುವ ವೈಖರಿಯೂ, ಎಲ್ಲಿ ನಿಲ್ಲಿಸಬೇಕು ಎಲ್ಲಿ ದನಿ ಏರಿಸಬೇಕು ಎಂಬುದೂ ಸಹಿತ ಒಳಗೆ ತಯಾರಾಗಿತ್ತು.

"ನಂಗೂ ಹೇಳ್ತ್ರಿಲ್ಯ?" ಮಹಾಲಕ್ಷ್ಮೀ ಕೇಳಿದಳು. ಅವಳಿಗೆ ಕರಾರಿನ ಮೇಲೆ ಆಸೆಯಿರಲಿಲ್ಲ. ಗಂಡ ಮಾತಿಲ್ಲದೆ ಊಟ ಮಾಡುವುದನ್ನು ಅವಳು ನೋಡಿದ್ದು ಅವರಿಗೆ ಟೈಫಾಯ್ಡ್ ಬಂದಾಗ ಮಾತ್ರ.

"ನಿನ್ನ ಹತ್ರನೂ ಹೇಳಲಾಗ."

"ಎಂತಕ್ಕೆ? ಆನು ಯಾರ ಹತ್ರ ಹೇಳ್ತಿ?"

"ನೀನು ಹೇಳ್ತಿಲ್ಲೆ, ಗೊತ್ತಿದ್ದು. ಆದ್ರೆ ನಿಂಗೆ ಹೇಳಿರೆ ನಂಗೆ ರುಚಿ ಹತ್ತತು. ನಾಳೆ ಆನೇ ಇನ್ನೊಬ್ಬಂಗೆ ಹೇಳ್ತಿ."

ಮಹಾಲಕ್ಷ್ಮೀ ಇನ್ನಷ್ಟು ಸಾರು ಬಡಿಸಿದಳು. ಮದುವೆಯಾದಂದಿನಿಂದ ಈ ಮನುಷ್ಯನ ಬಾಯಿಯ ಬಗ್ಗೆ ತಾನು ಹೇಳುತ್ತ ಬಂದದ್ದನ್ನು ಅವರೇ ಹೇಳಿಕೊಂಡದ್ದು ಇದೇ ಮೊದಲು. ಅವಳಿಗೆ ಪಾಪ ಅನ್ನಿಸಿತು.

ಆಯೋಗ ಕೂರುವ ಹಿಂದಿನ ಭಾನುವಾರ, ದೇವಸ್ಥಾನದ ಸಭಾಭವನದಲ್ಲಿ ಮಧ್ಯಾಹ್ನದ ತಾಳಮದ್ದಳೆಯಿತ್ತು. ಈ ಸಲ ತಪ್ಪಿಸಿಕೊಳ್ಳಿ ಎಂದು ಸ್ವಪ್ನಾ ಫೋನು ಮಾಡಿ ಹೇಳಿದಳು. ತಪ್ಪಿಸಿಕೊಂಡರೆ ಹೆದರಿದೆ ಅನ್ನುತ್ತಾರೆ ಎಂದು ಭಟ್ಟರು ಹೋದರು. ಮನಸ್ಸು ತಡೆಯದೆ ಸ್ವಪ್ನಾಳೂ ಹೊಸನಗರದಿಂದ ಬಸ್ಸು ಹತ್ತಿ ಬಂದು ಹೆಂಗಸರ ಸಾಲಿನಲ್ಲಿ ಕೂತಳು.

ಪ್ರಸಂಗದಲ್ಲಿ ಭಟ್ಟರದು ಶತ್ರುರಾಜನ ಕೈಗೆ ಸಿಕ್ಕಿಬಿದ್ದ ದೂತನ ಪಾತ್ರ. ರಾಜನ ಅರ್ಥ ವಿಘ್ನೇಶ್ವರ ಹೆಗಡೆಯವರದು. ಇಬ್ಬರೂ ಶಾಲೆಯಿಂದ ಗೆಳೆಯರು, ಚಾಪೆಯ ಮೇಲೆ ಕೂತರೆ ಹಾವು ಮುಂಗುಸಿ. ಒಂದೆರಡು ಪದ ಸರಾಗವಾಗಿ ಹೋಯಿತು. ಮೂರನೆಯದಕ್ಕೆ ಹೆಗಡೆಯವರು ಶಾಲು ಸರಿಮಾಡಿಕೊಂಡು, ಸಭೆಯ ಕಡೆಗೊಮ್ಮೆ ನೋಡಿ, ಅರ್ಥ ಎತ್ತಿದರು.

"ಎಲೈ ದೂತನೇ, ನಿನ್ನ ನಾಲಗೆಯ ಖ್ಯಾತಿ ನಮ್ಮ ರಾಜ್ಯಕ್ಕೂ ಬಂದಿದೆ. ಮೊನ್ನೆ ನಿನ್ನನ್ನು ಒಂದು ಮುಚ್ಚಿದ ಕೋಣೆಯೊಳಗೆ ಬಿಟ್ಟರಂತೆ. ಲೇಖನಿಯನ್ನೂ ಹೊರಗೆ ಇಡಿಸಿದರಂತೆ. ಅಲ್ಲಿ ಕಂಡದ್ದೇನು? ಹೇಳು. ಹೇಳದಿದ್ದರೆ, ಓದಿದ್ದು ನಿನಗೆ ಅರ್ಥವಾಗಿಲ್ಲ ಎಂದು ಈ ಸಭೆ ತಿಳಿಯುತ್ತದೆ."

ಸಭೆ ಹೋ ಎಂದು ನಕ್ಕಿತು. ಸ್ವಪ್ನಾ ನಗುವವರ ಕಡೆ ತಿರುಗಿದಾಗ, ಹಿಂದಿನ ಕಂಬದ ಪಕ್ಕದ ಕುರ್ಚಿಯಲ್ಲಿ ಕಂಪನಿಯ ಮ್ಯಾನೇಜರ್ ವಿನೋದ್ ಕೂತಿದ್ದು ಕಾಣಿಸಿತು. ತಾಳಮದ್ದಳೆ ಕೇಳುವ ಮನುಷ್ಯನಲ್ಲ ಅವನು. ಬಂದದ್ದು ಏಕೆಂದು ಅವಳಿಗೆ ತಕ್ಷಣ ಹೊಳೆಯಿತು. ಭಟ್ಟರಿಗೆ ಸನ್ನೆ ಮಾಡೋಣವೆಂದರೆ ಅವರು ಕಣ್ಣು ಮುಚ್ಚಿಕೊಂಡಿದ್ದರು.

ತಾಳಮದ್ದಳೆಯಲ್ಲಿ ಮಾತು ಸಿಗದೆ ಕೂತವನು ಸೋತವನು. ಅರ್ಥವಾಗಿಲ್ಲ ಎಂಬ ಮಾತನ್ನು ಲೆಕ್ಕ ಪರಿಶೋಧಕನ ಮುಖದ ಮೇಲೆ ಎಸೆದಿದ್ದಾರೆ. ಒಂದು ಸಣ್ಣ ಸುಳಿವು ಕೊಟ್ಟರೂ ಸಾಕು, ಇದೇ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ಮದ್ದಳೆಯವರು ಕಾದು ಕಾದು, ಎಚ್ಚರಿಸುವ ಹಾಗೆ ಒಂದು ಪೆಟ್ಟು ಕೊಟ್ಟರು. ಭಟ್ಟರು ಕಣ್ಣು ಬಿಟ್ಟರು.

"ರಾಜಾ, ಮಾತಾಡುವುದೇ ನನ್ನ ಕಸುಬು. ಆದರೂ ಕೇಳು. ನನ್ನನ್ನು ಆ ಬಾಗಿಲೊಳಗೆ ಬಿಟ್ಟವರು ನನ್ನ ಎದುರಾಳಿಗಳು. ಎದುರಾಳಿಯೇ ನಂಬಿ ಬಾಗಿಲು ತೆರೆದ ಮೇಲೆ, ಗೆಳೆಯ ಕೆಣಕಿದನೆಂದು ನಾನು ಬಾಯಿ ತೆರೆಯಲೇ? ಇಂದು ನಾನು ತೆರೆದರೆ, ನಾಳೆ ನನ್ನ ನಾಡಿನ ಒಬ್ಬನಿಗೂ ಆ ಬಾಗಿಲು ತೆರೆಯುವುದಿಲ್ಲ. ನನಗೆ ಅರ್ಥವಾಗಿಲ್ಲವೆಂದೇ ನಿನ್ನ ಸಭೆ ತಿಳಿದುಕೊಳ್ಳಲಿ." ಅವರು ಪಕ್ಕಕ್ಕೆ ತಿರುಗಿದರು. "ಭಾಗವತರೇ, ಮುಂದಿನ ಪದ."

ಅಷ್ಟೇ. ಹೇರಂಬ ಭಟ್ಟರ ಬಾಯಿಂದ ಇಷ್ಟು ಚಿಕ್ಕ ಅರ್ಥವನ್ನು ಆ ಸಭೆ ಎಂದೂ ಕೇಳಿರಲಿಲ್ಲ. ಭಾಗವತರಿಗೂ ಪದ ಎತ್ತಲು ತಡವಾಯಿತು. ವಿಘ್ನೇಶ್ವರ ಹೆಗಡೆಯವರು ಗೆಳೆಯನ ಕಡೆ ತಿರುಗಿ ಕೂತರು. ಆಮೇಲೆ ರಾಜನ ಗತ್ತು ಬಿಡದೆಯೇ, "ಇಂಥ ದೂತನನ್ನು ಪಡೆದ ಅರಸ ನಾನಾಗಿರಬೇಕಿತ್ತು," ಎಂದರು. ಕಂಬದ ಪಕ್ಕದ ಕುರ್ಚಿ ಸ್ವಲ್ಪ ಹೊತ್ತಿನಲ್ಲಿ ಖಾಲಿಯಾಯಿತು.

ಆಯೋಗ ಅದೇ ಪ್ರವಾಸಿ ಮಂದಿರದಲ್ಲಿ ಕೂತಿತು. ಎಲ್ಲರೆದುರಿನ ವಿಚಾರಣೆ ಮುಗಿದ ಮೇಲೆ, ಕಂಪನಿಯವರನ್ನೂ ಮುಚ್ಚಳಿಕೆ ಬರೆದುಕೊಟ್ಟವರನ್ನೂ ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಸ್ವಪ್ನಾಳೂ ಹೊರಗೇ ನಿಲ್ಲಬೇಕಾಯಿತು. ಮಂಜುನಾಥಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟರು.

"ದನಿ ಕೇಳ್ತದೆ. ಮಾತು ಎಂಥದೂ ಗೊತ್ತಾಗಲ್ಲ," ಎಂದರು.

ನಿಜ, ದನಿ ಮಾತ್ರ ಕೇಳುತ್ತಿತ್ತು. ಮೊದಲು ಮೆಲ್ಲಗೆ, ಆಮೇಲೆ ಬಿಡಿಸಿ ಬಿಡಿಸಿ, ಮತ್ತೆ ಏರುತ್ತ, ಒಂದು ಕಡೆ ಪೂರ್ತಿ ನಿಂತು. ಆ ನಿಲುಗಡೆ ಎಂಥದೆಂದು ತಾಳಮದ್ದಳೆ ಕೇಳಿದ ಯಾರಿಗೂ ತಿಳಿಯುತ್ತದೆ. ಎದುರಿನವನಿಗೆ ಉತ್ತರವಿಲ್ಲವೆಂದು ಗೊತ್ತಿದ್ದೇ ಅರ್ಥಧಾರಿ ಹಾಗೆ ನಿಲ್ಲುವುದು. ಎದುರಿನಿಂದ ದನಿ ಬರಲಿಲ್ಲ.

ಬಾಗಿಲು ತೆರೆದಾಗ ಮೊದಲು ಬಂದವನು ವಿನೋದ್. ಅವನು ಮುಂದೆ ಹೋಗದೆ, ಭಟ್ಟರು ಹೊರಗೆ ಬರುವವರೆಗೆ ನಿಂತ.

"ನಮ್ಮ ಲಾಯರ್ರು ಹೇಳ್ತಿದ್ರು, ನೀವು ಒಂದು ವಾರ ತಡೆಯಲ್ಲ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ. "ಇನ್ನೊಂದು ಸಲ ಯಾರಿಗಾದ್ರೂ ತೋರಿಸೋದು ಅಂತಾದ್ರೆ, ನಿಮಗೇ ತೋರಿಸ್ತೀವಿ ಸಾರ್."

ಎದುರಾಳಿಯ ಬಾಯಿಂದ ಬಂದ ಈ ಮಾತು ಕೇಳಿ ಮಂಜುನಾಥಪ್ಪನವರಿಗೆ ಎದೆಯುಬ್ಬಿ ಬಂತು. ಭಟ್ಟರ ಚೀಲವನ್ನು ತಾವೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. "ನಾ ಅವತ್ತು ಸಭೇಲಿ ಹಂಗೆ ಹೇಳ್ಬಾರ್ದಿತ್ತು ಭಟ್ರೇ," ಎಂದರು. ಭಟ್ಟರು, ಚಾ ಕುಡಿಸಿ ಸಾಕು ಎಂದರು.

ಆದೇಶ ಬಂದದ್ದು ಹೊಸ ಅಕ್ಕಿಯ ಕಾಲಕ್ಕೆ. ದರ ಏರಿಕೆಯನ್ನು ಆಯೋಗ ತಳ್ಳಿಹಾಕಿತ್ತು. ಮಂಜುನಾಥಪ್ಪ ಗಿರಣಿಯಲ್ಲಿ ಸಿಹಿ ಹಂಚಿದರು. ಸ್ವಪ್ನಾ ಆದೇಶದ ಪ್ರತಿಯೊಂದನ್ನು ಓಣಿಯ ಮನೆಗೆ ತಂದು, ಒಂದು ಪುಟ ಮಡಿಚಿ ಗುರುತು ಮಾಡಿ, ಮಹಾಲಕ್ಷ್ಮಿಯ ಕೈಗೇ ಕೊಟ್ಟು ಹೋದಳು.

ಮಹಾಲಕ್ಷ್ಮೀ ಕನ್ನಡಕ ಹಾಕಿಕೊಂಡು ಓದಿದಳು. ಬಳಕೆದಾರರ ವೇದಿಕೆಯ ಪರವಾಗಿ ಶ್ರೀ ಹೇರಂಬ ಭಟ್ಟರು ಮಂಡಿಸಿದ ವಾದ ಹೀಗಿದೆ, ಎಂದು ಒಂದು ಸಾಲು. ಅದರ ಕೆಳಗೆ ಒಂದಕ್ಷರವೂ ಕಾಣದ ಹಾಗೆ ದಪ್ಪ ಕಪ್ಪು ಪಟ್ಟಿ, ಪಟ್ಟಿಯ ಕೆಳಗೆ ಪಟ್ಟಿ. ಪುಟ ತಿರುಗಿಸಿದರೆ ಅಲ್ಲೂ ಕಪ್ಪು. ಅದು ಮುಗಿದಲ್ಲಿ ಇನ್ನೊಂದು ಸಾಲು: ಈ ವಾದವನ್ನು ಆಯೋಗವು ಪೂರ್ಣವಾಗಿ ಒಪ್ಪುತ್ತದೆ.

"ಇದೆಂತ, ನಿಂಗಳ ಹೆಸರು ಬಿಟ್ರೆ ಎಂತೂ ಇಲ್ಲೆ," ಎಂದಳು.

"ಗುಟ್ಟಲ್ದಾ, ಅದಕ್ಕೇ ಮುಚ್ಚಿದ್ದ," ಎಂದರು ಭಟ್ಟರು. ಜೀವಮಾನದಲ್ಲಿ ಅವರು ಆಡಿದ ಮಾತುಗಳಲ್ಲೇ ದೊಡ್ಡದು ಆ ಕಪ್ಪು ಪಟ್ಟಿಗಳ ಅಡಿಯಲ್ಲಿತ್ತು. ಅದನ್ನು ಕೇಳಿದವರು ನಾಲ್ಕೈದು ಜನ, ಅವರೂ ಹೇಳುವಂತಿಲ್ಲ. ಭಟ್ಟರು ಕಾಗದದ ಕಡೆ ನೋಡದೆ ಪೇಪರು ಎತ್ತಿಕೊಂಡರು.

ಮಹಾಲಕ್ಷ್ಮೀ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಕಾಗದವನ್ನು ಸೆರಗಿನಡಿ ಹಿಡಿದುಕೊಂಡು ಹೊರಗೆ ಹೋದಳು.

ಭಟ್ಟರಿಗೆ ಗೇಟಿನ ಸದ್ದು ಕೇಳಿತು. ಆಮೇಲೆ ಓಣಿಯಾಚೆಯ ಕೆರಿಯಮ್ಮನನ್ನು ಕರೆಯುವ ಹೆಂಡತಿಯ ದನಿ. ಅವರು ಪೇಪರು ಸ್ವಲ್ಪ ಕೆಳಗಿಳಿಸಿ ಕಿಟಕಿಯಿಂದ ನೋಡಿದರು. ಮಹಾಲಕ್ಷ್ಮೀ ಕೆರಿಯಮ್ಮನ ಮನೆಯ ಕಟ್ಟೆಯ ಮೇಲೆ ಆ ಪುಟಗಳನ್ನು ಹರಡಿ, ಮೇಲಿನ ಕಪ್ಪು ಪಟ್ಟಿಯಿಂದ ಶುರುಮಾಡಿ ಗೇಣು ಹಾಕಿ ಅಳೆಯುತ್ತ ಕೆಳಗೆ ಬರುತ್ತಿದ್ದಳು.

"ನೋಡಿ ಕೆರಿಯಮ್ಮ, ಇಲ್ಲಿಂದ ಇಲ್ಲೀವರೆಗೆ. ಮತ್ತೆ ಈ ಪುಟದಲ್ಲೂ ಇದೆ. ಇದಿಷ್ಟೂ ನಮ್ಮನೆಯವರೇ ಹೇಳಿದ್ದು."